ಅತ್ತೆಯಂದಿರ ಅಳತೆ

ನನ್ನ ಅಂಗಡಿಯ ಪರದೆಯ ಹಿಂದೆ ಕೈ ಎತ್ತಿ ನಿಂತು ಅಳತೆ ಕೊಟ್ಟು, ಕೊನೆಗೆ ರವಿಕೆ ಹೊಲಿಸದೆಯೇ ಎದ್ದು ಹೋದ ಅತ್ತೆಯಂದಿರು ಎಷ್ಟು ಜನವೋ! ಅರ್ಧಕ್ಕರ್ಧ ಜನ ನನಗೆ ಶಾಪ ಹಾಕಿಯೇ ಹೋಗಿರುತ್ತಾರೆ. ಹಾಕಲಿ. ಹೊಲಿಗೆಯವಳಿಗೆ ಬೈಗುಳ ಹೊಸದೇನಲ್ಲ.

ಮೂಡಿಗೆರೆಯಲ್ಲಿ ನಾನು ಲೇಡೀಸ್ ಟೈಲರ್ ಅಂಗಡಿ ಹಾಕಿದ್ದು ತೊಂಬತ್ತರ ದಶಕದ ನಡುವೆ. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಬಂದವರಿಗೆ ಕೂರಲು ಉದ್ದನೆಯ ಒಂದು ಬೆಂಚು, ಮೂಲೆಯಲ್ಲಿ ಅಳತೆ ತೆಗೆಯಲು ಹೂವಿನ ಪರದೆ. ರಸ್ತೆಯ ಆಚೆ ಬದಿಗೆ, ನೇರ ಎದುರಿಗೆ, ಡಾಕ್ಟ್ರಮ್ಮನ ನರ್ಸಿಂಗ್ ಹೋಮು. ಹೆಸರಷ್ಟೇ ದೊಡ್ಡದು. ಇದ್ದದ್ದು ನಾಲ್ಕು ಮಂಚ, ಒಬ್ಬಳು ನರ್ಸು, ಮತ್ತು ಊರಿಗೆಲ್ಲ ಕೇಳುವಂತೆ ಬೈಯುವ ಡಾಕ್ಟ್ರಮ್ಮ.

ಅಂಗಡಿ ಹಾಕಿದ ಹೊಸತರಲ್ಲಿ ಸಂತೆಯ ದಿನ ನನ್ನ ಬೆಂಚಿನ ಮೇಲೆ ಯಾರ್ಯಾರೋ ಬಂದು ಕೂರುತ್ತಿದ್ದರು. ಬಟ್ಟೆ ಇಲ್ಲ, ಅಳತೆ ಇಲ್ಲ, ಸುಮ್ಮನೆ ಕೂರುವುದು. ಕೇಳಿದರೆ, "ಡಾಕ್ಟ್ರಮ್ಮ ಇಲ್ಲಿ ಕೂತ್ಕೊಳ್ಳಿ ಅಂದ್ರು" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಬಾಡಿಗೆಯ ಅಂಗಡಿ, ನನ್ನ ಬೆಂಚು, ಇವರ್ಯಾರು ಕೂರಿಸುವುದಕ್ಕೆ? ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಹೋಗಿ ಕೇಳಿಯೇಬಿಟ್ಟೆ.

"ನಿನ್ನ ಹತ್ರ ಬೆಂಚಿದೆ, ನನ್ನ ಹತ್ರ ಇಲ್ಲ" ಎಂದರು ಡಾಕ್ಟ್ರಮ್ಮ, ಕೈ ತೊಳೆಯುತ್ತಲೇ.

"ಒಂದು ಬೆಂಚು ಮಾಡಿಸಿಕೊಳ್ಳಿ."

"ಮಾಡಿಸಿದ್ದೆ ಮಾರಾಯ್ತಿ. ಬಾಗಿಲಿಗೆ ಕಿವಿ ಅಂಟಿಸಿಕೊಂಡು ಕೂರ್ತಾರೆ. ಅದಕ್ಕೇ ಎತ್ತಿ ಹಿತ್ತಲಿಗೆ ಹಾಕಿಸಿದೆ."

ಅವರದು ಒಂದೇ ಕಟ್ಟುನಿಟ್ಟು. ಬಸುರಿಯರು ಬಂದರೆ, ಅದರಲ್ಲೂ 'ಇದು ಬೇಡ, ತೆಗೆಸಬೇಕು' ಎಂಬ ಮಾತು ಎತ್ತಿಕೊಂಡು ಬಂದರೆ, ಜೊತೆಗೆ ಬಂದವರೆಲ್ಲ ಆಚೆ. ಗಂಡ, ಅತ್ತೆ, ತಾಯಿ, ಎಸ್ಟೇಟಿನ ದೊಡ್ಡಮ್ಮ, ಯಾರೇ ಆಗಲಿ ಆಚೆ. ಬಾಗಿಲು ಹಾಕಿಕೊಂಡು ಆ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು: "ಅವರೆಲ್ಲ ಹೋದ್ರು. ಈಗ ಹೇಳು. ನಿಂಗೆ ಎಂತ ಬೇಕು?"

ಆ ಪ್ರಶ್ನೆಗೆ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತಂತೆ. ಕೆಲವರು ಸುಮ್ಮನೆ ಅಳುತ್ತಿದ್ದರಂತೆ, ಕೆಲವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವಂತೆ. ಅಷ್ಟು ಹೊತ್ತು ಜೊತೆಯವರನ್ನು ಹಿಡಿದಿಡಬೇಕಿತ್ತು. ಗಂಡಂದಿರದು ಸುಲಭ. ಸಂತೆಯ ದಿನ ಗಂಡಸನ್ನು ಬೀದಿಗೆ ಬಿಟ್ಟರೆ ಸಾಕು, ತಾನೇ ಎಲ್ಲಾದರೂ ಕಾಲ ಕಳೆದು ಬರುತ್ತಾನೆ. ಕಷ್ಟವೆಲ್ಲ ಅತ್ತೆಯಂದಿರದು. ಎರಡು ನಿಮಿಷ ಕೂತು, "ಎಂತದಪ್ಪಾ ಇಷ್ಟೊತ್ತು" ಎಂದು ರಸ್ತೆ ದಾಟಿಬಿಡುತ್ತಿದ್ದರು. ಅಳತೆಯ ಉಪಾಯ ಹೊಳೆದದ್ದು ಆಗಲೇ. "ಬನ್ನಿ ಅಮ್ಮ, ಕೂತಿದ್ದೀರಲ್ಲ, ಹಂಗೇ ಒಂದು ಅಳತೆ ತೆಗೆದಿಟ್ಟಿರ್ತೀನಿ, ಹಬ್ಬಕ್ಕೆ ಬೇಕಾಗುತ್ತೆ" ಎಂದು ಪರದೆಯ ಹಿಂದೆ ಕರೆದೊಯ್ದು ಸೆರಗು ತೆಗೆಸಿ ಕೈ ಎತ್ತಿಸಿಬಿಟ್ಟರೆ ಮುಗಿಯಿತು. ಯಾವ ಹೆಂಗಸೂ ಆ ಸ್ಥಿತಿಯಲ್ಲಿ ಬೀದಿಗೆ ಓಡುವುದಿಲ್ಲ.

ಒಳಗೆ ಕೆಲಸ ಮುಗಿದರೆ ನರ್ಸು ಕಿಟಕಿಯ ಪರದೆ ಸರಿಸುತ್ತಿದ್ದಳು. ಅಲ್ಲಿಯವರೆಗೆ ನನ್ನ ಟೇಪು ಭುಜದಿಂದ ಭುಜಕ್ಕೆ, ಕತ್ತಿನಿಂದ ಸೊಂಟಕ್ಕೆ, ಮತ್ತೆ ಭುಜಕ್ಕೆ ಓಡಾಡುತ್ತಿರಬೇಕು.

ಸಂತೆಯ ಗಲಾಟೆ ಇಳಿದ ಮೇಲೆ ಡಾಕ್ಟ್ರಮ್ಮ ಬಂದು ಆ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಕಾಫಿ, ಅವರಿಗೆ ಮಾತ್ರ ಟೀಯೇ ಆಗಬೇಕು. ಅಂಚೆಯಲ್ಲಿ ತಡವಾಗಿ ಬರುವ ಇಂಗ್ಲಿಷ್ ಪತ್ರಿಕೆಗಳನ್ನು ಓದಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಲೋಕದ ಹೆಂಗಸರ ವಿಷಯ ನನಗೆ ತಿಳಿದದ್ದೆಲ್ಲ ಹಾಗೆಯೇ, ಕಾಜ ಹೊಲಿಯುತ್ತ, ಹುಕ್ಕು ಕೂರಿಸುತ್ತ.

ಐರ್ಲೆಂಡ್ ಎಂಬ ದೇಶದಲ್ಲಿ ಬೇಡದ ಬಸಿರು ತೆಗೆಸುವುದಕ್ಕೆ ಹೆಂಗಸರು ಈಗಲೂ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಾರೆ ಎಂದರು ಒಂದು ದಿನ. ಅವರ ದೇಶದಲ್ಲಿ ಯಾರೂ ಮಾಡುವಂತಿಲ್ಲವಂತೆ.

"ಅಯ್ಯೋ ದೇವರೇ, ಹಡಗಲ್ಲಾ? ಹೊಟ್ಟೆ ತೊಳಸಲ್ವಾ?" ಎಂದೆ. ನಾನು ಬಸುರಿಯಾಗಿದ್ದಾಗ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವುದೇ ಪ್ರಾಣಸಂಕಟವಾಗಿತ್ತು.

"ತೊಳಸುತ್ತೆ. ಆದರೂ ಹೋಗ್ತಾರೆ. ಅಲ್ಲಿ ಇಳಿದ ಮೇಲೆ ಗುರುತು ಪರಿಚಯ ಇಲ್ಲದ ಹೆಂಗಸರು ಬಂದು ಕರ್ಕೊಂಡು ಹೋಗ್ತಾರೆ, ಮನೇಲಿ ಮಲಗಿಸ್ಕೊಳ್ತಾರೆ, ಊಟ ಹಾಕ್ತಾರೆ."

ರುಮೇನಿಯದ ಕಥೆ ಕೇಳಿದಾಗಲಂತೂ ಸೂಜಿ ಕೈಯಲ್ಲೇ ನಿಂತಿತು. ಅಲ್ಲೊಬ್ಬ ಆಳುವವನು ದೇಶಕ್ಕೆ ಜನ ಬೇಕು, ಯಾರೂ ಬಸಿರು ತೆಗೆಸಕೂಡದು ಎಂದು ಕಟ್ಟಪ್ಪಣೆ ಮಾಡಿ, ಕಾರ್ಖಾನೆಗಳಿಗೇ ಡಾಕ್ಟರುಗಳನ್ನು ಕಳಿಸಿ ಕೆಲಸದ ಹೆಂಗಸರ ಹೊಟ್ಟೆ ಪರೀಕ್ಷೆ ಮಾಡಿಸುತ್ತಿದ್ದನಂತೆ. ಕದ್ದು ತೆಗೆಸಲು ಹೋಗಿ ಸತ್ತವರು ಅಷ್ಟಿಷ್ಟಲ್ಲ. ಅವನು ಬಿದ್ದ ಮೇಲೆ ಹೊಸಬರು ಮಾಡಿದ ಮೊದಮೊದಲ ಕೆಲಸಗಳಲ್ಲಿ ಆ ಕಾನೂನು ಕಿತ್ತು ಹಾಕಿದ್ದೂ ಒಂದು. ಫ್ರಾನ್ಸಿನಲ್ಲಿ ಮುನ್ನೂರು ಚಿಲ್ಲರೆ ಹೆಂಗಸರು, 'ಹೌದು, ನಾವು ತೆಗೆಸಿದ್ದೇವೆ, ಏನು ಮಾಡ್ತೀರೋ ಮಾಡಿ' ಎನ್ನುವ ಹಾಗೆ ಪತ್ರಿಕೆಯಲ್ಲಿ ತಮ್ಮ ತಮ್ಮ ಹೆಸರನ್ನೇ ಹಾಕಿಸಿದರಂತೆ. ಎಂಥ ಎದೆ ಅವರದು! ನಮ್ಮಲ್ಲಿ ಮುಟ್ಟಾದೆ ಎನ್ನುವುದನ್ನೇ ಕಣ್ಸನ್ನೆಯಲ್ಲಿ ಹೇಳುತ್ತೇವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ಒಂದು ಊರಿನ ಹೆಂಗಸರು. ಅಲ್ಲಿ ಕಾನೂನು ಬಿಡದಿದ್ದ ಕಾಲದಲ್ಲಿ ಅವರೇ ಗುಟ್ಟಾಗಿ ಒಂದು ಗುಂಪು ಕಟ್ಟಿಕೊಂಡು, ಕೆಲಸವನ್ನೂ ತಾವೇ ಕಲಿತುಕೊಂಡು, ಕಷ್ಟದಲ್ಲಿದ್ದವರಿಗೆ ನೆರವಾದರಂತೆ. ಕೆಲಸ ನಡೆಯುವುದಕ್ಕೆ ಒಂದು ಮನೆ, ಜೊತೆಯವರು ಕಾಯುವುದಕ್ಕೆ ಬೇರೊಂದು ಮನೆ. ಕಾಯುವ ಮನೆಯಲ್ಲಿ ಟೀ, ತಿಂಡಿ, ಮಕ್ಕಳಿಗೆ ಆಟ.

"ನೋಡು, ಅಲ್ಲೂ ನಿನ್ನ ಹಾಗೆ ಬೆಂಚು ಹಾಕ್ಕೊಂಡು ಕೂತವಳು ಒಬ್ಬಳು ಇದ್ದಳು" ಎಂದು ಡಾಕ್ಟ್ರಮ್ಮ ನಕ್ಕರು. ನಾನೂ ನಕ್ಕೆ. ಆದರೆ ಅವತ್ತು ಮನೆಗೆ ಹೋಗುವಾಗ ಒಂಥರಾ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

"ನಮ್ಮಲ್ಲಿ ಹೆಂಗೆ?" ಎಂದು ಕೇಳಿದ್ದೆ.

"ನಮ್ಮಲ್ಲಿ ಎಪ್ಪತ್ತೊಂದರಲ್ಲೇ ಕಾನೂನು ಬಂತು, ಅಮೆರಿಕದ ಕೋರ್ಟು ತೆಗೆಸಬಹುದು ಅಂತ ಹೇಳೋದಕ್ಕಿಂತ ಮೊದಲೇ. ಹಿಗ್ಗಬೇಡ. ಹೆಂಗಸು ಸಾಯಬಾರದು ಅಂತ ಹೇಳಿದವರೂ ಇದ್ದರು, ಜನ ಹೆಚ್ಚಾದರು ಅನ್ನೋ ಭಯವೂ ಇತ್ತು. ತೀರ್ಮಾನ ಮಾಡೋ ಅಧಿಕಾರ ಕೊಟ್ಟಿದ್ದು ಡಾಕ್ಟರಿಗೆ. ವಯಸ್ಸಿಗೆ ಬಂದವಳಾದ್ರೆ ಅವಳ ಒಪ್ಪಿಗೆ ಒಂದೇ ಸಾಕು, ಗಂಡನ ಸೈನ್ ಬೇಕು ಅಂತ ಎಲ್ಲೂ ಬರೆದಿಲ್ಲ. ಆದರೂ ಎಲ್ಲರೂ ಗಂಡನ ಸೈನೇ ಕೇಳ್ತಾರೆ, ಅವಳನ್ನ ಮಾತ್ರ ಕೇಳಲ್ಲ. ಅದಕ್ಕೇ ನಾನು ಕೇಳ್ತೀನಿ."

ಅವತ್ತು ನಾನು ಅವರಿಗೆ ನನ್ನ ಅಕ್ಕನ ವಿಷಯ ಹೇಳಿದೆ. ನನ್ನ ತವರು ವಸ್ತಾರೆ ಕಡೆ. ನಾನು ಶಾಲೆಗೆ ಹೋಗುತ್ತಿದ್ದಾಗ ಅಕ್ಕ ಸತ್ತಳು. ಹೊಟ್ಟೆನೋವು ಎಂದರು, ನಾನೂ ಹಾಗೇ ನಂಬಿದ್ದೆ. ವರ್ಷಗಳು ಕಳೆದ ಮೇಲೆ ಚಿಕ್ಕಮ್ಮ ಬಾಯಿಬಿಟ್ಟಳು: ಮೊಲೆ ಕುಡಿಯುವ ಕೂಸು ಸೊಂಟದ ಮೇಲಿರುವಾಗಲೇ ಅಕ್ಕನಿಗೆ ಮತ್ತೆ ಬಸಿರು ನಿಂತಿತ್ತು. ಯಾರೋ ಯಾವುದೋ ಬೇರು ಕೊಟ್ಟರು. ರಕ್ತ ನಿಲ್ಲಲೇ ಇಲ್ಲ. ಅಮ್ಮ ಅವಳ ಸೀರೆಗಳನ್ನು ಹಿತ್ತಲಲ್ಲಿ ಸುಟ್ಟಿದ್ದು ನನಗೆ ನೆನಪಿತ್ತು, ಏಕೆಂದು ಮಾತ್ರ ಆಗ ತಿಳಿದಿರಲಿಲ್ಲ. ಡಾಕ್ಟ್ರಮ್ಮ ಹೇಳಿದ ಕಾನೂನು ಅಷ್ಟರಲ್ಲಿ ಬಂದು ವರ್ಷಗಳೇ ಆಗಿದ್ದವು. ನಮ್ಮೂರಿಗೆ ಬಂದಿರಲಿಲ್ಲ, ಅಷ್ಟೆ.

ಮುಂದಿನ ಸಂತೆಯಿಂದ ನಾನು ಯಾವ ಅತ್ತೆಗೂ ಹೆದರಲಿಲ್ಲ.

ಹಾಗೆಂದು ಡಾಕ್ಟ್ರಮ್ಮ ಬಂದವರಿಗೆಲ್ಲ ತೆಗೆದುಕೊಡುತ್ತಿದ್ದರು ಎಂದುಕೊಳ್ಳಬೇಡಿ. ಆ ವರ್ಷಗಳಲ್ಲೇ ಹೊಟ್ಟೆಯೊಳಗಿನದು ಗಂಡೋ ಹೆಣ್ಣೋ ನೋಡಿಸುವ ಹುಚ್ಚು ಘಟ್ಟದ ಮೇಲೂ ಹತ್ತಿತ್ತು. ಹೆಣ್ಣೆಂದು ತಿಳಿದುಕೊಂಡು ಸೊಸೆಯನ್ನು ಎಳೆತಂದವರಿಗೆ ಅವರಿಂದ ಸಿಗುತ್ತಿದ್ದ ಮಂಗಳಾರತಿ ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. "ಬೇಡ ಅನ್ನೋಳಿಗೆ ಹೊರಿಸೋದೂ ಬಲವಂತವೇ, ಬೇಕು ಅನ್ನೋಳಿಂದ ಕಿತ್ಕೊಳ್ಳೋದೂ ಬಲವಂತವೇ" ಎನ್ನುತ್ತಿದ್ದರು. ನನಗೆ ಅವರ ಮೇಲಿದ್ದ ಗೌರವಕ್ಕೆ ಅದೊಂದು ಮಾತೇ ಸಾಕು.

ಎರಡು ಸಾವಿರದ ಇಸವಿಯ ಆಸುಪಾಸು. ಕಾಫಿ ಹಣ್ಣಿನ ಕೊಯ್ಲಿನ ಕಾಲ. ಕಳಸದ ದಾರಿಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹುಡುಗಿಯೊಬ್ಬಳು ರವಿಕೆ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. ಹುಡುಗಿ ಎಂದೆ, ಆದರೆ ಆಗಲೇ ಎರಡು ಹೆಣ್ಣುಮಕ್ಕಳ ತಾಯಿ. ಬಟ್ಟೆ ಮೇಜಿನ ಮೇಲಿಟ್ಟು ಎದುರಿನ ಬಾಗಿಲನ್ನೇ ನೋಡುತ್ತ ನಿಂತಳು. ನನಗೆ ಗೊತ್ತಾಯಿತು. "ಹೋಗು, ಬಯ್ತಾರೆ, ಆದ್ರೆ ಕಚ್ಚಲ್ಲ" ಎಂದೆ.

ಡಾಕ್ಟ್ರಮ್ಮ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳುವವರಲ್ಲ. ವಾಪಸು ಬಂದು ಅವಳೇ ನನ್ನ ಬೆಂಚಿನ ಮೇಲೆ ಕೂತು ಹೇಳಿದಳು. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ, ಜೀಪಿನಲ್ಲಿ ಚಿಕ್ಕಮಗಳೂರಿಗೆ ಸಾಗಿಸಿ, ಬದುಕಿದ್ದೇ ಹೆಚ್ಚು. ಇನ್ನೊಂದು ಹೆರಿಗೆ ಬೇಡ, ಜೀವಕ್ಕೆ ಅಪಾಯ ಎಂದು ಅಲ್ಲಿ ಹೇಳಿ ಕಳಿಸಿದ್ದರು. ಆದರೆ ಗಂಡ ಹೊರನಾಡಿಗೆ ಹೋಗಿ ಗಂಡುಮಗುವಿಗೆ ಹರಕೆ ಹೊತ್ತು ಬಂದಿದ್ದ. ಅವನು ಕುದುರೆಮುಖದ ಕಡೆ ಲಾರಿ ಓಡಿಸುತ್ತಿದ್ದವನು. ಮಕ್ಕಳಾಗದ ಹಾಗೆ ಆಪರೇಷನ್ ಎಂದರೆ, ಗಂಡಾದ ಮೇಲೆ ನೋಡೋಣ ಎನ್ನುತ್ತಿದ್ದ. ಈಗ ಮತ್ತೆ ನಿಂತಿತ್ತು.

"ಡಾಕ್ಟ್ರಮ್ಮ ಎಂತ ಬೇಕು ಅಂತ ಕೇಳಿದ್ರು ಅಕ್ಕಾ. ನಂಗೆ ಬದುಕ್ಬೇಕು ಅಂದೆ" ಎಂದಳು. ಅಷ್ಟು ಹೇಳಿ ಅವಳಿಗೇ ಹೆದರಿಕೆಯಾದಂತೆ ಸುತ್ತ ನೋಡಿದಳು.

ಮೈಯಲ್ಲಿ ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟು, ಮುಂದಿನ ಸಂತೆಗೆ ಬಾ, ಮಾಡಿಕೊಡುತ್ತೇನೆ ಎಂದಿದ್ದರು. ಎಸ್ಟೇಟಿನವರಿಗೆ ರಜೆಯೆಂದರೆ ಸಂತೆಯ ದಿನವೊಂದೇ. ಒಂದು ವಾರ ಯಾರಿಗೂ ತಿಳಿಯದಿದ್ದರೆ ಸಾಕಿತ್ತು.

ತಿಳಿಯಿತು. ತಿಳಿಸಿದವನು ಕೆಟ್ಟವನಲ್ಲ, ಅದೇ ದುಃಖ. ಅವಳು ನರ್ಸಿಂಗ್ ಹೋಮಿನಿಂದ ಇಳಿದದ್ದನ್ನು, ಆಮೇಲೆ ಎಸ್ಟೇಟಿನ ಪಿಕಪ್ ಗಾಡಿಯ ಹತ್ತಿರ ವಾಂತಿ ಮಾಡಿಕೊಂಡದ್ದನ್ನು ಎಸ್ಟೇಟಿನ ಮೇಸ್ತ್ರಿ ನೋಡಿದ್ದ. ನಮ್ಮ ಕಡೆಯ ಎಸ್ಟೇಟುಗಳಲ್ಲಿ ಬಸುರಿ ಹೆಂಗಸರನ್ನು ಇಳಿಜಾರಿನ ಕೊಯ್ಲಿಗೆ ಹತ್ತಿಸುವುದಿಲ್ಲ, ಕಾಫಿ ಒಣಗಿಸುವ ಕಣದಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ. ಆ ಪುಣ್ಯಾತ್ಮ ಮಾರನೆಯ ಬೆಳಿಗ್ಗೆ ಎಲ್ಲರ ಮುಂದೆ, "ನೀನು ಗುಡ್ಡ ಹತ್ತೋದು ಬೇಡ ಕಣಮ್ಮ, ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಬೀಜ ಆರಿಸ್ತಾ ಕೂತ್ಕೊ" ಎಂದುಬಿಟ್ಟ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಕಣದಲ್ಲಿ ಕೂತವಳನ್ನು ಕಂಡರೆ ಡಂಗುರ ಸಾರುವುದೇ ಬೇಡ. ಮಧ್ಯಾಹ್ನದ ಊಟದ ಹೊತ್ತಿಗೆ ಲೈನಿನ ಹೆಂಗಸರೆಲ್ಲ ಅವಳ ಅತ್ತೆಗೆ, "ಈ ಸಲ ಮೊಮ್ಮಗನೇ ಬಿಡಿ" ಎಂದು ಹೇಳಿ ಮುಗಿಸಿದ್ದರು. ವಿಷಯ ಕುದುರೆಮುಖಕ್ಕೂ ಮುಟ್ಟಿತು. ಗಂಡ ಲಾರಿ ಬಿಟ್ಟು ಓಡಿ ಬಂದ. ದೂರದ ಪಟ್ಟಣದಲ್ಲಿ ನೋಡಿ ಹೇಳುವವರಿದ್ದಾರೆ, ಎರಡು ತಿಂಗಳು ಕಾಯೋಣ, ಗಂಡಾದರೆ ಇರಲಿ, ಹೆಣ್ಣಾದರೆ ಆಮೇಲೆ ನೋಡೋಣ ಎಂದು ಅವನೇ ತೀರ್ಮಾನ ಕೊಟ್ಟ. ಅವಳ ಜೀವದ ಮಾತು ಅದರಲ್ಲಿ ಎಲ್ಲೂ ಬರಲಿಲ್ಲ.

ರಕ್ತ ಕಡಿಮೆ, ಡಾಕ್ಟ್ರಮ್ಮ ಇಂಜೆಕ್ಷನ್‌ಗೆ ಬರಹೇಳಿದ್ದಾರೆ ಎಂದು ಅವಳು ಹೇಳಿದ್ದಕ್ಕೆ ಮುಂದಿನ ಸಂತೆಗೆ ಕಳಿಸಿದರು. ಒಬ್ಬಳನ್ನೇ ಅಲ್ಲ. ಮುಂದೆ ಗಂಡ, ಹಿಂದೆ ಅತ್ತೆ.

ಆ ಅತ್ತೆಯ ಗಂಟಲು ರಸ್ತೆಯ ಈಚೆಗೆ ಕೇಳುತ್ತಿತ್ತು. "ಶಕ್ತಿಗೆ ಇಂಜೆಕ್ಷನ್ ಕೊಡಿ, ಅಷ್ಟೇಯ. ಬೇರೆ ಎಂತದೂ ಮುಟ್ಟಬೇಡಿ. ನಮ್ಗೆ ಗಂಡು ಬೇಕು, ಹೇಳಿದೀನಿ!" ಡಾಕ್ಟ್ರಮ್ಮ ಇಬ್ಬರನ್ನೂ ಆಚೆ ದಬ್ಬಿ ಬಾಗಿಲು ಹಾಕಿಕೊಂಡರು. ಗಂಡ ಸಂತೆಯ ಕಡೆ ನಡೆದ. ಅತ್ತೆ ನನ್ನ ಬೆಂಚಿಗೆ ಬಂದಳು. ಗಟ್ಟಿ ಮೈ, ಎಲೆಯಡಿಕೆಯ ಬಾಯಿ, ಕಣ್ಣು ಬಾಗಿಲ ಮೇಲೆಯೇ. ಇವಳು ಸುಲಭಕ್ಕೆ ಬಗ್ಗುವವಳಲ್ಲ ಎಂದುಕೊಂಡೆ.

"ಒಂದು ಕುಬ್ಸದ ಅಳತೆ ತೆಗೀಲಾ ಅಮ್ಮ?" ಎಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತೆಗಿ" ಎಂದು ಪರದೆಯ ಹಿಂದೆ ಬಂದಳು.

ಭುಜ ಅಳೆದೆ. ಎದೆ ಅಳೆದೆ. ಬೆನ್ನು, ಕತ್ತು, ಬಲತೋಳು, ಎಲ್ಲ ಅಳೆದೆ. ಹಣ್ಣು ಕೊಯ್ಲಿನ ಮಾತಾಡಿದೆ, ಮೆಣಸಿನ ಮಾತಾಡಿದೆ. ಸಂದಿಯಿಂದ ನೋಡಿದರೆ ಎದುರಿನ ಕಿಟಕಿಯ ಪರದೆ ಇನ್ನೂ ಸರಿದಿರಲಿಲ್ಲ. ಅಷ್ಟರಲ್ಲಿ ಅಂಗಡಿಯ ಬಾಗಿಲಿಗೆ ಅವಳ ಮಗ ಬಂದು ನಿಂತ. "ಅವ್ವಾ, ಇಂಜೆಕ್ಷನ್‌ಗೆ ಇಷ್ಟೊತ್ತು ಎಂತಕ್ಕೆ? ನಾನು ಹೋಗಿ ನೋಡ್ತೀನಿ."

ಟೇಪು ಕೈಯಿಂದ ಜಾರಿತು. ಎಲ್ಲ ಮುಗಿಯಿತು ಎಂದುಕೊಂಡೆ.

"ಥೂ ನಿನ್ನ!" ಎಂದು ಆ ತಾಯಿ ಪರದೆಯ ಹಿಂದಿನಿಂದಲೇ ಗುಡುಗಿದಳು. "ಹೆಂಗಸ್ರು ಸೆರಗು ತೆಗೆದು ನಿಂತಿರೋ ಜಾಗಕ್ಕೆ ನುಗ್ತೀಯಲ್ಲ, ನಾಚ್ಕೆ ಆಗಲ್ವಾ? ಆ ಆಸ್ಪತ್ರೇಲೂ ಬರೀ ಹೆಂಗಸ್ರೇ ಇರೋದು. ಹೋಗು, ಒಣಮೀನು ತಗೊಂಡು ಪಿಕಪ್ಪಿನ ಹತ್ರ ನಿಂತಿರು. ನಾನು ಕರ್ಕೊಂಡು ಬರ್ತೀನಿ."

ಅವನು ಹೋದ. ಹೆಜ್ಜೆ ಸಪ್ಪಳ ದೂರವಾಗುವವರೆಗೆ ಅವಳು ಕಿವಿಗೊಟ್ಟಳು. ಆಮೇಲೆ ಎಡಗೈ ಎತ್ತಿ ನನ್ನ ಮುಂದೆ ಚಾಚಿದಳು.

"ಇದನ್ನೂ ಅಳಿ."

"ಎರಡೂ ತೋಳು ಒಂದೇ ಅಳತೆ ಅಮ್ಮ..." ಎಂದು ತೊದಲಿದೆ.

"ಒಂದೇ ಅಂತ ನಿಂಗೆ ಯಾರು ಹೇಳಿದ್ದು? ಅಳಿ ಮಾರಾಯ್ತಿ. ನಿಧಾನ ಅಳಿ. ಅಲ್ಲಿ ಇನ್ನೂ ಆಗಿಲ್ಲ ಅಲ್ದಾ?"

ಅವಳಿಗೆ ಎಲ್ಲ ಗೊತ್ತಿತ್ತು. ಬೆಳಿಗ್ಗೆಯಿಂದ ಕಿರುಚಿದ್ದೆಲ್ಲ ಮಗನ ಕಿವಿಗೆ ಬೀಳಲೆಂದು.

ಎಡತೋಳು ಅಳೆಯುತ್ತಿದ್ದೆ. ಅವಳು ದನಿ ಇಳಿಸಿ ಹೇಳಿದಳು. ಸೊಸೆಯ ಎರಡನೆಯ ಹೆರಿಗೆಯಲ್ಲಿ ಜೀಪಿನಲ್ಲಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು ಇವಳೇ. ಸೀಟಿನಿಂದ ಹರಿದ ರಕ್ತದಲ್ಲಿ ಇವಳ ಕಾಲು ಒದ್ದೆಯಾಗಿತ್ತು. ತಾನೂ ಒಮ್ಮೆ, ಹೆತ್ತು ಹೆತ್ತು ಸಾಕಾಗಿ, ಬೇರು ಕುಡಿದು ತಿಂಗಳುಗಟ್ಟಲೆ ಎದ್ದಿರಲಿಲ್ಲವಂತೆ. ನನ್ನ ಅಕ್ಕ ಬದುಕಿದ್ದರೆ ಹೆಚ್ಚುಕಡಿಮೆ ಇವಳದೇ ವಯಸ್ಸು.

"ಡಾಕ್ಟ್ರಮ್ಮ ಒಳಗೆ ಅವಳನ್ನ ಎಂತ ಕೇಳ್ತಾರೆ?" ಎಂದಳು.

"ನಿಂಗೆ ಎಂತ ಬೇಕು ಅಂತ."

"ಹಂಗೇ ಕೇಳ್ತಾರಾ? ಅವಳನ್ನೇ?"

"ಅವಳನ್ನೇ."

ಆ ಗಟ್ಟಿ ಮುಖ ಒಂದು ಗಳಿಗೆ ಸಡಿಲವಾಯಿತು. ಕಿಟಕಿಯ ಪರದೆ ಸರಿಯುವವರೆಗೆ ನಾನು ಅಳೆಯುತ್ತಲೇ ಇದ್ದೆ. ಸರಿದ ಮೇಲೆ ಸೆರಗು ಹೊದ್ದು, ರಸ್ತೆ ದಾಟಿ, ಸೊಸೆಯನ್ನು ತೋಳು ಹಿಡಿದು ನಡೆಸಿಕೊಂಡು ಹೋದಳು.

ಮಗನಿಗೆ ಏನು ಹೇಳಿದಳು ಎಂಬುದು ಮುಂದಿನ ಸಂತೆಯಲ್ಲಿ ತಿಳಿಯಿತು. ಸುಳ್ಳು ಹೇಳಲಿಲ್ಲ. "ಅವಳಿಗೆ ಬೇಡ ಇತ್ತು, ತೆಗೆಸಿದ್ಲು. ಅವಳು ಸತ್ರೆ ಈ ಮಕ್ಕಳನ್ನ ನೀನು ಸಾಕ್ತೀಯಾ? ಕೂಗಾಡೋದಿದ್ರೆ ನನ್ನ ಮೇಲೆ ಕೂಗಾಡು, ನಿನ್ನ ಹೆತ್ತವಳು ನಾನು." ಅವನು ಅಂದಿನಿಂದ ತಾಯಿಯ ಜೊತೆ ಮಾತು ಬಿಟ್ಟಿದ್ದನಂತೆ. "ಬಿಡ್ಲಿ, ಕಿವಿಗೆ ತಂಪಾಯ್ತು" ಎಂದಳು. ಆಮೇಲೆ ಸೊಸೆಗೆ ಆಪರೇಷನ್ ಮಾಡಿಸಲು ಚಿಕ್ಕಮಗಳೂರಿಗೆ ಜೊತೆಗೆ ಹೋದವಳೂ ಇವಳೇ. ಆ ಸೊಸೆ ಈಗಲೂ ಎರಡು ಹೆಣ್ಣುಮಕ್ಕಳ ರವಿಕೆಗೆ ನನ್ನ ಹತ್ತಿರವೇ ಬರುತ್ತಾಳೆ. ಅಂದ ಹಾಗೆ, ಆ ತಾಯಿಯ ಬಲತೋಳು ಎಡಕ್ಕಿಂತ ಅರ್ಧ ಇಂಚು ದಪ್ಪ. ಜೀವಮಾನವಿಡೀ ಕತ್ತಿ ಹಿಡಿದ ಕೈ. ಅವಳ ರವಿಕೆಯನ್ನು ಮಾತ್ರ ನಾನು ಹೊಲಿದುಕೊಟ್ಟೆ.

ಅವಳು ಪ್ರತಿ ಸಂತೆಗೂ ಬರತೊಡಗಿದಳು. ಸಾಮಾನಿನ ಚೀಲ ನನ್ನ ಮೇಜಿನಡಿ ಇಟ್ಟು, ಬೆಂಚಿನ ತುದಿಯಲ್ಲಿ ಎಲೆಯಡಿಕೆ ಹಾಕುತ್ತ ಕೂರುತ್ತಿದ್ದಳು. ಯಾಕೆಂದು ನಾನೂ ಕೇಳಲಿಲ್ಲ.

ಕುದುರೆಮುಖದಲ್ಲಿ ಗಣಿ ನಿಂತ ವರ್ಷವಿರಬೇಕು. ಒಂದು ಸಂತೆಯ ದಿನ ವಸ್ತಾರೆ ಕಡೆಯ ಅತ್ತೆಯೊಬ್ಬಳನ್ನು ಡಾಕ್ಟ್ರಮ್ಮ ಆಚೆ ಕಳಿಸಿದರು. ಅವಳು ಅಳತೆಗೂ ಬಗ್ಗಲಿಲ್ಲ, ಮಾತಿಗೂ ಬಗ್ಗಲಿಲ್ಲ. "ನಮ್ಮನೆ ಸೊಸೆ, ನಮ್ಮನ್ನ ಬಿಟ್ಟು ಅವಳನ್ನೇನು ಕೇಳೋದು?" ಎಂದು ರಸ್ತೆಗೆ ಹಾರಿದಳು. ನಾನು ಟೇಪು ಹಿಡಿದು ಏಳುವುದರೊಳಗೆ ಈ ತಾಯಿ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡಿದ್ದಳು. ಬೈಯಲಿಲ್ಲ. ಕರೆತಂದು ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಎಲೆಗೆ ಸುಣ್ಣ ಹಚ್ಚಿ ಕೊಟ್ಟು ಹೇಳಿದಳು:

"ಕೂತ್ಕೊಳ್ಳಿ. ನಮ್ಮನ್ನಂತೂ ಯಾರೂ ಕೇಳ್ಲಿಲ್ಲ. ಅವಳನ್ನಾದ್ರೂ ಕೇಳ್ಲಿ."